ವರ್ಷಕ್ಕೆರಡು ವಿಡಿಯೊ ಮಾಡುವ ಮನೆಗೆ ಯಾವ ಎಡಿಟಿಂಗ್ ತಂತ್ರಾಂಶ?

ತಂದೆಯವರ ಷಷ್ಟ್ಯಬ್ದಿಯ ದಿನ ಮನೆಯವರೆಲ್ಲ ತಂತಮ್ಮ ಫೋನುಗಳಲ್ಲಿ ಹಿಡಿದಿದ್ದ ತುಣುಕುಗಳನ್ನು ಸೇರಿಸಿ ಇಪ್ಪತ್ತು ನಿಮಿಷದ ಒಂದು ವಿಡಿಯೊ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಿಂದೆ ಇಂಥ ಕೆಲಸಕ್ಕೆ ನಾನು ಬಳಸುತ್ತಿದ್ದ ವಿಂಡೋಸ್ ಮೂವಿ ಮೇಕರ್ ಅನ್ನು ಮೈಕ್ರೋಸಾಫ್ಟ್ 2017ರ ಜನವರಿಯಲ್ಲೇ ನಿಲ್ಲಿಸಿತ್ತು. ನನ್ನಲ್ಲಿರುವುದು 8 ಜಿಬಿ ರ್‍ಯಾಮ್ ಇರುವ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ವಿಂಡೋಸ್ 10ರ ಹಳೆಯ ಲ್ಯಾಪ್‌ಟಾಪ್. ವರ್ಷಕ್ಕೆ ಎರಡು ಬಾರಿ, ಹೆಚ್ಚೆಂದರೆ ಮೂರು ಬಾರಿ ಮಾತ್ರ ಬೇಕಾಗುವ ತಂತ್ರಾಂಶಕ್ಕೆ ತಿಂಗಳು ತಿಂಗಳು ಚಂದಾ ಕಟ್ಟುವುದು ಬಳಸದ ಮನೆಗೆ ಬಾಡಿಗೆ ಕೊಟ್ಟಂತೆ ಎನ್ನಿಸಿ, ಅಂಥವನ್ನು ಮೊದಲೇ ಬದಿಗಿಟ್ಟೆ. ಉಳಿದವುಗಳಲ್ಲಿ ಡಾವಿಂಚಿ ರಿಸಾಲ್ವ್, ಕ್ಲಿಪ್‌ಚಾಂಪ್, ಶಾಟ್‌ಕಟ್ ಮತ್ತು ಕೆಡೆನ್‌ಲೈವ್‌ಗಳನ್ನು ಅದೇ ತುಣುಕುಗಳ ಮೇಲೆ ಪ್ರಯೋಗಿಸಿ ನೋಡಿದೆ.

ಪರೀಕ್ಷೆಗೆ ನಾನು ಇಟ್ಟುಕೊಂಡ ಮೊದಲ ಅಳತೆಗೋಲು ‘ಷಷ್ಟ್ಯಬ್ದಿಪೂರ್ತಿ’ ಎಂಬ ಶೀರ್ಷಿಕೆಯೇ. ‘ಷ್ಟ್ಯ’ದಲ್ಲಿ ಒಂದರ ಕೆಳಗೊಂದು ಎರಡು ಒತ್ತಕ್ಷರ, ‘ರ್ತಿ’ಯಲ್ಲಿ ಅರ್ಕಾವೊತ್ತು, ಇವೆರಡೂ ಸರಿಯಾಗಿ ಮೂಡಿದರೆ ಕನ್ನಡದ ಬೇರೆ ಯಾವ ಪದವೂ ತೊಡಕಾಗಲಾರದು ಎಂಬುದು ನನ್ನ ಲೆಕ್ಕ. ಹಣ ಕೊಡಬೇಕಾದ ಒಂದು ತಂತ್ರಾಂಶದ ಪ್ರಯೋಗ ಆವೃತ್ತಿಯಲ್ಲಿ ಒತ್ತುಗಳೆಲ್ಲ ಬಿಡಿಬಿಡಿಯಾಗಿ, ತಲೆಯ ಮೇಲೆ ಹಲಂತವನ್ನು ಹೊತ್ತು ಸಾಲಾಗಿ ನಿಂತವು. ಅದರ ಉಳಿದ ಗುಣಗಳನ್ನು ನೋಡುವ ಮನಸ್ಸೇ ಬರಲಿಲ್ಲ. ಶಾಟ್‌ಕಟ್ ಮತ್ತು ಕೆಡೆನ್‌ಲೈವ್‌ಗಳಲ್ಲಿ ನಿರ್ಮಲಾ ಯುಐ, ನೋಟೊ ಸಾನ್ಸ್ ಕನ್ನಡದಂಥ ಯುನಿಕೋಡ್ ಫಾಂಟ್ ಆರಿಸಿದಾಗ ಪದ ಪುಸ್ತಕದಲ್ಲಿ ಅಚ್ಚಾದಂತೆ ಮೂಡಿತು. ಆದರೆ ಯುನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಆಮಂತ್ರಣದ ಒಕ್ಕಣೆಯನ್ನು ನಕಲಿಸಿ ಅಂಟಿಸಿದರೆ ಈ ಫಾಂಟ್‌ಗಳಲ್ಲಿ ಸರಿಯಾಗಿ ಮೂಡದು; ಅದನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ರಿಸಾಲ್ವ್‌ನ ಉಚಿತ ಆವೃತ್ತಿ ನಿಜಕ್ಕೂ ಉದಾರವಾದುದು. ವಿಡಿಯೊದ ಮೇಲೆ ತಂತ್ರಾಂಶದ ಮುದ್ರೆ (ವಾಟರ್‌ಮಾರ್ಕ್) ಬೀಳುವುದಿಲ್ಲ, ಅವಧಿಯ ಮಿತಿಯಿಲ್ಲ, ಅಲ್ಟ್ರಾ ಎಚ್‌ಡಿವರೆಗೆ ವಿಡಿಯೊ ಹೊರತೆಗೆಯಬಹುದು. ಹಣ ಕೊಡುವ ಸ್ಟುಡಿಯೊ ಆವೃತ್ತಿಯೂ ಒಮ್ಮೆ 295 ಡಾಲರ್ ತೆತ್ತರೆ ಮುಗಿಯಿತು. ಬಣ್ಣ ತಿದ್ದುವುದರಲ್ಲಿ ಈ ಪಟ್ಟಿಯ ಬೇರೆ ಯಾವುದೂ ಇದರ ಹತ್ತಿರ ಸುಳಿಯದು. ಹೋಮದ ಹೊಗೆಯಲ್ಲಿ ಮಸುಕಾಗಿದ್ದ ಅಮ್ಮನ ಮುಖ ಇದರಲ್ಲಿ ಎಷ್ಟು ಚೆನ್ನಾಗಿ ತಿಳಿಯಾಯಿತೆಂದರೆ, ಆ ಒಂದು ಕಾರಣಕ್ಕೇ ಎರಡು ದಿನ ಇದನ್ನೇ ಹಿಡಿದು ಕುಳಿತೆ. ಆದರೆ ಇದಕ್ಕೆ 16 ಜಿಬಿ ರ್‍ಯಾಮ್ ಮತ್ತು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಚೆಂದ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ತಡವರಿಸುತ್ತ ಓಡಿದ್ದು ಯಂತ್ರದ ಬಡತನವೇ ಹೊರತು ತಂತ್ರಾಂಶದ ತಪ್ಪಲ್ಲ. ಇದಕ್ಕಿಂತ ದೊಡ್ಡ ತೊಡಕು ನೆನಪಿನದು. ಏಳು ಪುಟಗಳಾಗಿ ಹರಡಿಕೊಂಡಿರುವ ಅದರ ವಿನ್ಯಾಸವನ್ನು ಇಂದು ಕಲಿತರೂ ಆರು ತಿಂಗಳ ನಂತರ ಮತ್ತೆ ಓನಾಮದಿಂದ ಶುರು ಮಾಡಬೇಕಾಗುತ್ತದೆ.

ಕ್ಲಿಪ್‌ಚಾಂಪ್ ಇದಕ್ಕೆ ತದ್ವಿರುದ್ಧ. ವಿಂಡೋಸ್ 11ರ ಜೊತೆಗೇ ಬರುತ್ತದೆ, ಬ್ರೌಸರ್‌ನಲ್ಲೂ ನಡೆಯುತ್ತದೆ, ಕಲಿಯಲು ಅರ್ಧ ಗಂಟೆಯೂ ಬೇಡ. ಮೈಕ್ರೋಸಾಫ್ಟ್ ಖಾತೆಯೊಂದಿದ್ದರೆ 1080ಪಿ ವರೆಗೆ ಮುದ್ರೆಯಿಲ್ಲದ ವಿಡಿಯೊ ಉಚಿತವಾಗಿ ಸಿಗುತ್ತದೆ, 4ಕೆ ಬೇಕೆಂದರೆ ಚಂದಾ ಕಟ್ಟಬೇಕು. ತಂಗಿಯ ಮಗಳ ಶಾಲೆಯ ನೃತ್ಯವನ್ನು ಹಿಂದೆ ಮುಂದೆ ಕತ್ತರಿಸಿ ವಾಟ್ಸಾಪ್‌ಗೆ ಕಳಿಸಲು ಇದಕ್ಕಿಂತ ಸುಲಭದ್ದು ಬೇಡ.

ಕೊನೆಗೆ ಷಷ್ಟ್ಯಬ್ದಿಯ ವಿಡಿಯೊ ಪೂರ್ತಿಯಾದದ್ದು ಶಾಟ್‌ಕಟ್‌ನಲ್ಲಿ. ಮುಕ್ತ ತಂತ್ರಾಂಶವಾದ್ದರಿಂದ ಹಣದ ಮಾತಿಲ್ಲ, ಖಾತೆ ತೆರೆಯುವ ಗೋಜಿಲ್ಲ. ಚಿಕ್ಕಪ್ಪನ ಐಫೋನಿನ ಎಚ್‌ಇವಿಸಿ (ವಿಡಿಯೊವನ್ನು ಹೆಚ್ಚು ಕುಗ್ಗಿಸಿಡುವ ಒಂದು ವಿಧಾನ) ಕಡತಗಳನ್ನೂ ಬೇರೇನೂ ಹಾಕಿಕೊಳ್ಳದೆ ತೆರೆಯಿತು. ಪ್ರಾಕ್ಸಿ ಆಯ್ಕೆಯನ್ನು ಒತ್ತಿದರೆ ಎಡಿಟಿಂಗ್‌ಗಾಗಿ ಹಗುರವಾದ ಪ್ರತಿಗಳನ್ನು ತಾನೇ ಮಾಡಿಕೊಳ್ಳುತ್ತದೆ, ಹೊರತೆಗೆಯುವಾಗ ಮೂಲವನ್ನೇ ಬಳಸುತ್ತದೆ. ತೊಂದರೆಯೆಂದರೆ ಮೊದಲ ಬಾರಿ ತೆರೆದವರಿಗೆ ತುಣುಕುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ಎಲ್ಲಿದೆ, ಶೀರ್ಷಿಕೆ ಹಾಕುವುದು ಹೇಗೆ ಎಂಬುದೇ ಕಾಣುವುದಿಲ್ಲ. ಅಕ್ಷರ ಕೂಡ ಇಲ್ಲಿ ಒಂದು ‘ಫಿಲ್ಟರ್’ ಎಂಬುದು ಹೊಳೆಯುವ ಹೊತ್ತಿಗೆ ಒಂದು ಸಂಜೆ ಕಳೆದಿತ್ತು. ಶಾಟ್‌ಕಟ್ ಅನ್ನು ಒಳಗಿನಿಂದ ನಡೆಸುವ ಎಂಎಲ್‌ಟಿ ಎಂಬ ಎಂಜಿನ್ನೇ ಕೆಡೆನ್‌ಲೈವ್‌ನಲ್ಲೂ ಇದೆ. ಶೀರ್ಷಿಕೆಗೆಂದೇ ಪ್ರತ್ಯೇಕ ಕಿಟಕಿಯಿರುವುದು ಅದರ ಹೆಚ್ಚುಗಾರಿಕೆ. ಲಿನಕ್ಸ್ ಬಳಸುವವರು ಅದನ್ನೇ ಮೊದಲು ನೋಡಬಹುದು.

ಶಾಟ್‌ಕಟ್‌ನ ಒಂದು ಎಚ್ಚರಿಕೆಯನ್ನು ಕಡೆಗಣಿಸಿ ನಾನು ಪಾಠ ಕಲಿತೆ. ಫೋನುಗಳು ಸೆಕೆಂಡಿಗೆ ಇಷ್ಟೇ ಚೌಕಟ್ಟು (ಫ್ರೇಮ್) ಎಂದು ಒಂದೇ ವೇಗದಲ್ಲಿ ಹಿಡಿಯುವುದಿಲ್ಲ. ಬೆಳಕು ಕಡಿಮೆಯಾದಾಗ ವೇಗ ತಗ್ಗುವುದೂ ಉಂಟು. ಅಂಥ ಕಡತ ಸಿಕ್ಕಾಗ ಎಡಿಟಿಂಗ್‌ಗೆ ಒಗ್ಗುವಂತೆ ಪರಿವರ್ತಿಸಲೇ ಎಂದು ಶಾಟ್‌ಕಟ್ ಕೇಳುತ್ತದೆ. ನಾನು ಆತುರದಲ್ಲಿ ಬೇಡವೆಂದೆ. ಪರಿಣಾಮವಾಗಿ ಅಪ್ಪ ಅಮ್ಮನಿಗೆ ಮತ್ತೊಮ್ಮೆ ತಾಳಿ ಕಟ್ಟಿ ಕೈ ತೆಗೆದ ಮೇಲೆ ಗಟ್ಟಿಮೇಳ ಕೇಳಿಸಿತು. ಪರಿವರ್ತಿಸಿದ ಕಡತದಲ್ಲಿ ಎರಡೂ ಒಂದಾದವು, ಆದರೆ ಕಡತದ ಗಾತ್ರ ಮಾತ್ರ ಹಲವು ಪಟ್ಟು ಬೆಳೆಯಿತು.

ಯಾವ ತುಣುಕು ಎಲ್ಲಿ ಎಂಬ ಜೋಡಣೆಯನ್ನು ಬರೆದಿಡುವ ಶಾಟ್‌ಕಟ್‌ನ ಎಂಎಲ್‌ಟಿ ಕಡತವನ್ನು ತುಣುಕುಗಳಿರುವ ಫೋಲ್ಡರ್‌ನಲ್ಲೇ ಉಳಿಸಿದರೆ ಇಡೀ ಫೋಲ್ಡರ್ ಅನ್ನು ಎಲ್ಲಿಗೆ ಸಾಗಿಸಿದರೂ ಜೋಡಣೆ ತಪ್ಪುವುದಿಲ್ಲ. ಹೀಗೆ ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದ ಷಷ್ಟ್ಯಬ್ದಿಯ ಫೋಲ್ಡರ್ ಅನ್ನು ಒಂಬತ್ತು ತಿಂಗಳ ನಂತರ, ಸೋದರತ್ತೆ ತಡವಾಗಿ ಕಳಿಸಿದ ಎರಡು ಫೋಟೊ ಸೇರಿಸಲೆಂದು ತೆರೆದೆ. ಎಲ್ಲವೂ ಇದ್ದಲ್ಲೇ ಇತ್ತು, ಕತ್ತರಿಸುವ ‘ಎಸ್’ ಕೀಲಿಯೂ ಬೆರಳಿಗೆ ನೆನಪಿತ್ತು.