ಗ್ಯಾಲಕ್ಸಿ ನೋಟ್ 7: ವಾಪಸ್ ಕೊಡದೆ ಇಟ್ಟುಕೊಂಡ ಎರಡೂವರೆ ತಿಂಗಳು

ಪೆನ್ನಿನಿಂದಲೇ ಶುರು ಮಾಡುತ್ತೇನೆ. ಸ್ಯಾಮ್ಸಂಗ್ ಕಂಪನಿಯ ಆ ಫೋನನ್ನು ನಾನು ಬಿಡದೆ ಇಟ್ಟುಕೊಂಡದ್ದೇ ಅದರ ಜೊತೆ ಬರುತ್ತಿದ್ದ, ಪರದೆ ಮೇಲೆ ಬರೆಯುವ ಪೆನ್ನಿನ ಸಲುವಾಗಿ.

ಗದಗಿನಲ್ಲಿ ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಈ ಊರಲ್ಲಿ ಪ್ರೆಸ್ಸುಗಳಿಗೆ ಬರವಿಲ್ಲ. ಲಗ್ನಪತ್ರಿಕೆ, ಕ್ಯಾಲೆಂಡರ್, ಜಾತ್ರೆಯ ಕರಪತ್ರ, ಬಿಲ್ ಬುಕ್ಕು, ಇವೇ ನಮ್ಮ ಹೊಟ್ಟೆ ಹೊರೆಯುವುದು. ಅದರಲ್ಲಿ ಪ್ರೂಫ್ ನೋಡುವುದು ನನ್ನ ಪಾಲಿನ ಕೆಲಸ. ಪತ್ರಿಕೆಯಲ್ಲಿ ‘ಜ್ಯೇಷ್ಠ ಪುತ್ರಿ’ ಇರಬೇಕಾದಲ್ಲಿ ‘ಜೇಷ್ಟ ಪುತ್ರಿ’ ಆಗಿದ್ದರೆ ಬೀಗರು ಗಮನಿಸಲಿಕ್ಕಿಲ್ಲ, ಆದರೆ ನಮ್ಮ ಪ್ರೆಸ್ಸಿನ ಹೆಸರು ಹೊತ್ತು ಅದು ಐನೂರು ಮನೆಗೆ ಹೋಗುತ್ತದೆ. 2016ರ ಹೊತ್ತಿಗೆ ರೋಣ, ಮುಂಡರಗಿ, ಶಿರಹಟ್ಟಿ ಕಡೆಯ ಗಿರಾಕಿಗಳು ಪ್ರೂಫ್ ನೋಡಲು ಬಸ್ಸು ಹತ್ತಿ ಬರುವುದನ್ನು ಬಿಟ್ಟಿದ್ದರು. ಪುಟದ ಫೋಟೋ ವಾಟ್ಸಾಪಿಗೆ ಹಾಕಿದರೆ ಅಲ್ಲಿಂದಲೇ ತಪ್ಪು ಹೇಳುತ್ತಿದ್ದರು. ನಾನು ಬೆರಳಿನಿಂದ ಆ ಫೋಟೋ ಮೇಲೆ ಗುರುತು ಮಾಡಿದರೆ ಜೋಳದ ದಂಟಿನಷ್ಟು ದಪ್ಪನೆಯ ಗೆರೆ ಬಂದು ತಪ್ಪಿನ ಜೊತೆಗೆ ಸರಿಯಿದ್ದ ಮೂರು ಅಕ್ಷರವೂ ಮುಚ್ಚಿಹೋಗುತ್ತಿದ್ದವು.

ನೋಟ್ 7ರ ಪೆನ್ನಿನ ತುದಿ 0.7 ಮಿಲಿಮೀಟರ್. ಅದರ ಹಿಂದಿನ ನೋಟ್‌ನದು 1.6 ಇತ್ತು. ಒತ್ತಡವನ್ನು 4,096 ಹಂತಗಳಲ್ಲಿ ಗುರುತಿಸುತ್ತದೆ ಎಂದು ಕಾಗದದಲ್ಲಿ ಬರೆದಿದ್ದರು. ನನಗೆ ಅದರ ಅರ್ಥ ಗೊತ್ತಾಗಿದ್ದು ‘ದ’ ಅಕ್ಷರದ ಹೊಟ್ಟೆ ಸೀಳಿ ‘ಧ’ ಮಾಡಿದಾಗ. 5.7 ಇಂಚಿನ ಪರದೆ ಮೇಲೆ ಪುಟ ದೊಡ್ಡದು ಮಾಡಿಕೊಂಡು, ಹಗುರವಾಗಿ ಒತ್ತಿ ಒಂದು ಸಣ್ಣ ಗೀಟು ಎಳೆದರೆ ಸಾಕು, ಎಲ್ಲಿ ಬೇಕೋ ಅಲ್ಲೇ ಕೂರುತ್ತಿತ್ತು. ಡಿಟಿಪಿ ಮಾಡುವ ಹುಡುಗಿ ಮೊದಲ ದಿನವೇ, ‘ಸರ್, ಇವತ್ತ ನಿಮ್ಮ ಕರೆಕ್ಷನ್ ಒಂದೂ ತಿರುಗಿ ಕೇಳಲಿಲ್ಲ ನೋಡ್ರಿ’ ಅಂದಳು. ಪರದೆ ಆರಿದ್ದಾಗಲೇ ಪೆನ್ನು ಹಿರಿದು ಕಪ್ಪು ಗಾಜಿನ ಮೇಲೆ ಬರೆಯಬಹುದಿತ್ತು. ಗಿರಾಕಿ ಮಾತಾಡುತ್ತಿರುವಾಗಲೇ ಕಾಗದದ ಸೈಜು, ಎಷ್ಟು ಪ್ರತಿ, ಮುಂಗಡ ಎಷ್ಟು ಎಂದು ಬರೆದುಕೊಳ್ಳುತ್ತಿದ್ದೆ. ಪಡಸಾಲೆಯಲ್ಲಿ ಮಳೆಯ ಹನಿ ಬಿದ್ದ ಗಾಜಿನ ಮೇಲೂ ಬರೆಯುತ್ತಿತ್ತು. ನೀರಿಗೆ ಜಗ್ಗದ ಹಾಗೆ ಮಾಡಿದ್ದರು. ಇಪ್ಪತ್ತು ವರ್ಷ ಕೆಂಪು ಇಂಕಿನ ಪೆನ್ನು ಹಿಡಿದ ಕೈ ನನ್ನದು, ಆ ಕೈಗೆ ಅದು ಒಗ್ಗಿತು. ಕ್ಯಾಮೆರಾ ಮತ್ತೊಂದು ಎಲ್ಲ ಚಲೋ ಇದ್ದವು, ಅವುಗಳ ಬಗ್ಗೆ ಬರೆಯುವವರು ಬೇರೆ ಇದ್ದಾರೆ.

ಫೋನು ತಂದವನು ನನ್ನ ತಮ್ಮ. ಸಿಂಗಪುರದಲ್ಲಿ ನೌಕರಿ. ಆಗಸ್ಟ್‌ನಲ್ಲಿ ಅಲ್ಲಿ ಮಾರಾಟಕ್ಕೆ ಬಂದ ಕೂಡಲೇ ಕೊಂಡು, ಗಣೇಶ ಚತುರ್ಥಿಗೆ ಊರಿಗೆ ಬರುವಾಗ ಹಿಡಿದುಕೊಂಡು ಬಂದ. ನಮ್ಮ ದೇಶದಲ್ಲಿ ಅದಕ್ಕೆ 59,900 ರೂಪಾಯಿ ಬೆಲೆ ಸಾರಿ, ಸೆಪ್ಟೆಂಬರ್ 2ರಿಂದ ಮಾರುತ್ತೇವೆ ಎಂದಿದ್ದರು. ಅದೇ ಸೆಪ್ಟೆಂಬರ್ 2ರಂದು ಕಂಪನಿ ಜಗತ್ತಿನಾದ್ಯಂತ 25 ಲಕ್ಷ ಫೋನುಗಳನ್ನು ವಾಪಸ್ ಪಡೆಯುವುದಾಗಿ ಹೇಳಿತು. ಅಲ್ಲಿಯವರೆಗೆ ಬ್ಯಾಟರಿ ಕಾದು ಸುಟ್ಟ 35 ಪ್ರಕರಣ ಅವರ ಗಮನಕ್ಕೆ ಬಂದಿದ್ದವು. ಇಲ್ಲಿನ ಅಂಗಡಿಗಳಿಗೆ ಅದು ಕೊನೆಗೂ ಬರಲೇ ಇಲ್ಲ.

ಹಬ್ಬ ಮುಗಿದು ತಮ್ಮ ಹೊರಟಾಗ, ‘ಅಣ್ಣಾ, ಅದನ್ನ ಆಫ್ ಮಾಡಿ ಕೊಡು, ಬ್ಯಾಗಿನ್ಯಾಗ ಒಯ್ತೀನಿ. 16ನೇ ತಾರೀಖಿನಿಂದ ಅಲ್ಲೆ ಬದಲಿ ಕೊಡ್ತಾರ, ಯಾರರೆ ಬರೋರ ಕೂಡ ಕಳಸ್ತೀನಿ’ ಅಂದ. ಕೊಡಬೇಕಿತ್ತು. ‘ಲಗ್ನದ ಹಂಗಾಮು ಮುಗೀಲಿ ತಡಿ’ ಅಂದೆ. 25 ಲಕ್ಷದಲ್ಲಿ 35 ಅಂದರೆ ಎಷ್ಟು ಎಂದು ಅವನ ಮುಂದೆಯೇ ಲೆಕ್ಕ ಮಾಡಿ ತೋರಿಸಿದೆ. ಅವನು ಮತ್ತೆ ಒತ್ತಾಯ ಮಾಡಲಿಲ್ಲ, ನಾನು ದೊಡ್ಡವನಲ್ಲವೇ.

ಇಟ್ಟುಕೊಂಡ ಮೇಲೆ ಜೋಪಾನ ಮಾಡಿದೆ. ಮನೆಯೊಳಗೆ ಚಾರ್ಜಿಗೆ ಹಚ್ಚುತ್ತಿರಲಿಲ್ಲ. ಹಿತ್ತಲಿಗೆ ವೈರು ಎಳೆದು, ತುಳಸಿ ಕಟ್ಟೆಯ ಪಕ್ಕದ ಕಡಪಾ ಕಲ್ಲಿನ ಮೇಲೆ ಸ್ಟೀಲಿನ ಪರಾತ ಇಟ್ಟು, ಅದರಲ್ಲಿ ಫೋನ್ ಇಡುತ್ತಿದ್ದೆ. ಹಗಲಿನಲ್ಲಿ ಮಾತ್ರ, ಅದೂ ಪಕ್ಕದಲ್ಲಿ ನಾನು ಕೂತಿದ್ದರೆ ಮಾತ್ರ. ಕೊರಿಯಾದಲ್ಲಿ ಕಂಪನಿಯವರೇ ಅಪ್‌ಡೇಟ್ ಕಳಿಸಿ ಹಳೆಯ ಫೋನುಗಳ ಚಾರ್ಜು 60 ಪ್ರತಿಶತಕ್ಕೆ ನಿಲ್ಲುವಂತೆ ಮಾಡಿದ್ದಾರೆ ಎಂದು ಓದಿದಂದಿನಿಂದ ನಾನೂ 60ಕ್ಕೆ ಕೀಳುತ್ತಿದ್ದೆ. ದಿನಕ್ಕೆ ಇಪ್ಪತ್ತು ಸಲ ಹಿಂಗೈ ಇಟ್ಟು ನೋಡುತ್ತಿದ್ದೆ. ಅದು ಒಮ್ಮೆಯೂ ಹೊಗೆ ಬಿಡಲಿಲ್ಲ, ಉಬ್ಬಲಿಲ್ಲ, ಬೇರೆ ಫೋನುಗಳಿಗಿಂತ ಹೆಚ್ಚು ಕಾದದ್ದೂ ಇಲ್ಲ. ನನ್ನ ಹೆಂಡತಿ ಒಂದು ದಿನ ನೋಡಿ ನೋಡಿ, ‘ಜ್ವರ ಬಂದ ಕೂಸಿನ ಹಣಿ ಮುಟ್ಟಿಧಂಗ ಮುಟ್ಟತೀರಿ. ಇಷ್ಟ ಅಂಜಿಕಿ ಇದ್ದರ ಯಾಕ ಇಟ್ಕೊಂಡೀರಿ?’ ಅಂದಳು. ಉತ್ತರ ಹೊಳೆಯಲಿಲ್ಲ.

ಅಕ್ಟೋಬರ್ 5ಕ್ಕೆ ಅಮೆರಿಕದ ಲೂಯಿವಿಲ್ಲಿನಲ್ಲಿ ಹೊರಡಲು ನಿಂತಿದ್ದ ವಿಮಾನದೊಳಗೆ ಒಂದು ನೋಟ್ 7 ಹೊಗೆ ಬಿಟ್ಟಿತು, ಪ್ರಯಾಣಿಕರನ್ನೆಲ್ಲ ಕೆಳಗಿಳಿಸಿದರು. ಅದು ಬದಲಿಯಾಗಿ ಕೊಟ್ಟ, ಸುರಕ್ಷಿತ ಎಂದಿದ್ದ ಫೋನು. ಸುದ್ದಿ ಓದಿದಾಗ ನನಗೆ ಮೊದಲು ಅನಿಸಿದ್ದು, ಬದಲಿ ತಗೊಂಡಿದ್ದರೂ ಇದೇ ಆಗುತ್ತಿತ್ತು, ಇಟ್ಟುಕೊಂಡದ್ದೇ ಸರಿ ಎಂದು. ಆ ವಿಚಾರ ಎಷ್ಟು ತಪ್ಪು ಎಂದು ಈಗ ಅನಿಸುತ್ತದೆ. ಇನ್ನೊಬ್ಬರ ಕೈಯಲ್ಲಿದ್ದದ್ದು ಸುಟ್ಟರೆ ನನ್ನ ಕೈಯಲ್ಲಿದ್ದದ್ದು ಗಟ್ಟಿ ಹೇಗಾದೀತು? ಆಯುಧ ಪೂಜೆಯ ದಿನ ಕಟಿಂಗ್ ಮಷಿನ್ನಿನ ಪಕ್ಕದಲ್ಲಿ ಆ ಫೋನನ್ನೂ ಇಟ್ಟು ಕುಂಕುಮ ಹಚ್ಚಿದೆ. ಮರುದಿನ, ಅಕ್ಟೋಬರ್ 11ರಂದು, ನಾವಿಲ್ಲಿ ಬನ್ನಿ ಕೊಟ್ಟು ತಗೊಳ್ಳುತ್ತಿರುವಾಗ, ಕಂಪನಿ ಆ ಮಾಡೆಲ್ಲನ್ನೇ ನಿಲ್ಲಿಸಿತು. 15ರಿಂದ ಅಮೆರಿಕ ಅದನ್ನು ಆಫ್ ಮಾಡಿಯೂ ವಿಮಾನದಲ್ಲಿ ಒಯ್ಯುವಂತಿಲ್ಲ ಎಂದಿತು, ಬೇರೆ ದೇಶಗಳ ವಿಮಾನ ಕಂಪನಿಗಳೂ ಅದೇ ದಾರಿ ಹಿಡಿದವು. ತಮ್ಮ ಫೋನ್ ಮಾಡಿ, ‘ಇನ್ನ ಅದು ಅಲ್ಲೇ ಇರೂದು ಅಣ್ಣಾ. ಚಾರ್ಜಿಗೆ ಮಾತ್ರ ಹಚ್ಚಬ್ಯಾಡ’ ಅಂದ. ನಾನು ಹಚ್ಚಿದೆ.

ದೀಪಾವಳಿ ಮುಗಿದು ತುಳಸಿ ಲಗ್ನದ ನಂತರದ ಮುಹೂರ್ತಗಳ ಪತ್ರಿಕೆ ಅಚ್ಚಾಗುವ ಹೊತ್ತು. ಒಂದು ರಾತ್ರಿ ಮಷಿನ್ ಹುಡುಗ, ನಾನು ಇಬ್ಬರೇ ಪ್ರೆಸ್ಸಿನಲ್ಲಿ. ಕುರ್ಚಿಯ ಮೇಲೆ ನನಗೆ ಜೊಂಪು ಹತ್ತಿತ್ತು. ನಾಲ್ಕರ ಸುಮಾರಿಗೆ ಎಚ್ಚರವಾಗಿ ನೋಡಿದರೆ ಫೋನು ಬಿಚ್ಚದ ಕಾಗದದ ರೀಮಿನ ಮೇಲೆ ಚಾರ್ಜಿಗೆ ಹಚ್ಚಿದೆ. ಅದರಿಂದ ಗೇಣು ದೂರದಲ್ಲಿ ರೋಲರ್ ತೊಳೆಯುವ ಚಿಮಣಿ ಎಣ್ಣಿಯ ಡಬ್ಬಿ, ಮುಚ್ಚಳ ಇಲ್ಲದ್ದು. ಡಬ್ಬಿಯ ಬಾಯಿಗೆ ಇಂಕು ಒರೆಸಿದ ಅರಿವೆ. ಹುಡುಗ ಕಟ್ಟಿಟ್ಟ ಪತ್ರಿಕೆಗಳ ಮೇಲೆ ತಲೆಯಿಟ್ಟು ಮಲಗಿದ್ದಾನೆ. ವೈರು ಕಿತ್ತೆ. 94 ಪ್ರತಿಶತ ತೋರಿಸುತ್ತಿತ್ತು. ಹಿಂಗೈ ಇಟ್ಟೆ, ಬೆಚ್ಚಗಿತ್ತು. ಯಾವ ಫೋನಾದರೂ ಚಾರ್ಜಿನಲ್ಲಿ ಇಷ್ಟು ಬೆಚ್ಚಗಿರುತ್ತದೆ. ಇದು ಬರೀ ಬೆಚ್ಚಗೋ, ಒಳಗೆ ಏನಾದರೂ ಶುರುವಾಗಿದೆಯೋ ಎಂದು ನನ್ನ ಕೈಗೆ ತಿಳಿಯಲಿಲ್ಲ. ಎರಡು ತಿಂಗಳು ದಿನಕ್ಕೆ ಇಪ್ಪತ್ತು ಸಲ ಮುಟ್ಟಿದ ಕೈ ಅದು.

ಹುಡುಗ ಎದ್ದು, ‘ಕಾಕಾ, ಚಾರ್ಜ್ ಪೂರಾ ಇಳದಿತ್ತು, ನಾನ ಹಚ್ಚೀನಿ’ ಅಂದ. ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆ, ಅವನೊಬ್ಬನಿಗೆ ಹೇಳಿರಲಿಲ್ಲ. ಕಾಗದದ ನಡುವೆ ಮಲಗುವವನು ಅವನೇ.

ಅವತ್ತೇ ಫೋನ್ ಆಫ್ ಮಾಡಿ ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು ಹಿತ್ತಲಲ್ಲಿ ಇಟ್ಟೆ.

2017ರ ಜನವರಿ 23ರಂದು ಸಿಯೋಲ್‌ನಲ್ಲಿ ಕಂಪನಿ ಕಾರಣ ಹೇಳಿತು. ಎರಡು ಲಕ್ಷ ಫೋನು, ಮೂವತ್ತು ಸಾವಿರ ಬ್ಯಾಟರಿ ಪರೀಕ್ಷಿಸಿದ್ದರು. ಮೊದಲ ಬ್ಯಾಟರಿಯಲ್ಲಿ ಮೇಲಿನ ಬಲ ಮೂಲೆಗೆ ಜಾಗ ಸಾಲದೆ ಒಳಗಿನ ಋಣ (ನೆಗೆಟಿವ್) ಫಲಕ ಬಾಗಿತ್ತು. ಬದಲಿ ಫೋನುಗಳ ಬ್ಯಾಟರಿ ಬೇರೆಯವರದು, ಅದರಲ್ಲಿ ವೆಲ್ಡಿಂಗ್ ಮಾಡಿದ ಕಡೆ ಉಳಿದ ಮೊನೆಗಳು ಧನ, ಋಣ ಫಲಕಗಳ ನಡುವಿನ ತೆಳು ಪೊರೆಯನ್ನು ಚುಚ್ಚುತ್ತಿದ್ದವು. ಆ ಪೊರೆ ಹರಿದರೆ ಒಳಗೇ ಶಾರ್ಟ್ ಆಗಿ, ಬಿಸಿ ಬಿಸಿಯನ್ನೇ ಹೆಚ್ಚಿಸುತ್ತ ಹೋಗುತ್ತದೆ, ಒಳಗಿನ ದ್ರವವೂ ಹೊತ್ತಿಕೊಳ್ಳುವಂಥದ್ದು. ನಾನು ಕಡಪಾ ಕಲ್ಲು, ಪರಾತ ಎಂದು ಮಾಡಿದ್ದೆಲ್ಲ ಬೆಂಕಿ ಹತ್ತಿದ ಮೇಲಿನ ಮಾತು. ಒಳಗಿನ ಬಾಗಿದ ಮೂಲೆಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಅದೇ ವರ್ಷದ ಜುಲೈನಲ್ಲಿ ಅದೇ ಫೋನಿಗೆ 3,500ರ ಬದಲು 3,200 ಎಂಎಎಚ್ ಬ್ಯಾಟರಿ ಹಾಕಿ ಫ್ಯಾನ್ ಎಡಿಷನ್ ಎಂದು ಕೊರಿಯಾದಲ್ಲಿ ಮಾರಿದರು. ಪೆನ್ನು, ಪರದೆ, ನಾನು ಮೆಚ್ಚಿದ್ದೆಲ್ಲ ಹಾಗೇ ಇತ್ತು.

ಬೇಸಿಗೆಯಲ್ಲಿ ಮರಳಿನ ಡಬ್ಬಿ ಸಮೇತ ಹುಬ್ಬಳ್ಳಿಗೆ ಒಯ್ದು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟು ಬಂದೆ. ಒಳಗೇನಿದೆ ಎಂದು ಮೊದಲೇ ಫೋನ್ ಮಾಡಿ ಹೇಳಿದ್ದೆ. ಸೆಪ್ಟೆಂಬರಿನಲ್ಲಿ ಕೊಟ್ಟಿದ್ದರೆ ತಮ್ಮನಿಗೆ ನಷ್ಟ ಆಗುತ್ತಿರಲಿಲ್ಲ. ಅವನು ಇವತ್ತಿನವರೆಗೂ ಆ ಮಾತು ತೆಗೆದಿಲ್ಲ. ಪೆನ್ನು ಮಾತ್ರ ನನ್ನ ಹತ್ತಿರ ಉಳಿಯಿತು, ಅದರೊಳಗೆ ಬ್ಯಾಟರಿ ಇಲ್ಲ. ಆಮೇಲೆ ಕೊಂಡ ಅದೇ ಕಂಪನಿಯ ಟ್ಯಾಬ್ ಮೇಲೆ ಇವತ್ತಿಗೂ ಬರೆಯುತ್ತದೆ, ಈ ಹಂಗಾಮಿನ ಪ್ರೂಫುಗಳನ್ನೂ ಅದರಲ್ಲೇ ತಿದ್ದಿದ್ದೇನೆ.

ಹಳೆಯ ಫೋನು ಕೊಳ್ಳುವವರಿಗೆ ಒಂದು ಮಾತು. ಪೆನ್ನಿನ ಆಸೆಗೆ ಸೆಕೆಂಡ್ ಹ್ಯಾಂಡ್ ನೋಟ್ 7 ಸಿಕ್ಕಿತು ಎಂದರೆ ಡಬ್ಬಿಯ ಮೇಲಿನ ಮತ್ತು ಸೆಟ್ಟಿಂಗ್ಸ್ ಒಳಗಿನ ಮಾಡೆಲ್ ನಂಬರ್ ಎರಡನ್ನೂ ನೋಡಿ. ಎಸ್‌ಎಂ-ಎನ್935 ಎಂದು ಶುರುವಾದರೆ ಅದು ಚಿಕ್ಕ ಬ್ಯಾಟರಿಯ ಫ್ಯಾನ್ ಎಡಿಷನ್. 930 ಇದ್ದರೆ ನನ್ನ ಹತ್ತಿರ ಇದ್ದದ್ದು. ಎಷ್ಟೇ ಸೋವಿ ಹೇಳಿದರೂ, ವರ್ಷಗಟ್ಟಲೆ ಏನೂ ಆಗಿಲ್ಲ ಎಂದು ಆಣೆ ಮಾಡಿದರೂ, ಚಾರ್ಜಿಗೆ ಹಚ್ಚಬೇಡಿ.