ನಿವೃತ್ತಿಯ ನಂತರ ಮಿಸ್ಟ್ರಿ ಶಾಪಿಂಗ್: ಪೆಟ್ರೋಲ್ ಬಂಕೋ, ಹೋಟೆಲ್ಲೋ, ಬ್ಯಾಂಕೋ, ಫೋನೋ?

ಗಿರಾಕಿಯ ಹಾಗೆ ಅಂಗಡಿಗೋ ಬ್ಯಾಂಕಿಗೋ ಹೋಗಬೇಕು. ಅಲ್ಲಿ ಹೇಗೆ ಮಾತಾಡಿಸಿದರು, ಏನು ಹೇಳಿದರು, ಏನು ಮುಚ್ಚಿಟ್ಟರು ಅಂತ ನೋಡಿಕೊಂಡು ಬಂದು ವರದಿ ಬರೆಯಬೇಕು. ಮಿಸ್ಟ್ರಿ ಶಾಪಿಂಗ್ ಅಂದರೆ ಇಷ್ಟೇ. ದುಡ್ಡು ಕೊಡುವುದು ಆ ಅಂಗಡಿಯವರಲ್ಲ. ಅವರ ಮುಖ್ಯ ಕಚೇರಿ ಒಂದು ಆಡಿಟ್ ಕಂಪನಿಗೆ ಕೆಲಸ ಒಪ್ಪಿಸಿರುತ್ತದೆ, ಆ ಕಂಪನಿ ನಮಗೆ ಕೊಡುತ್ತದೆ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. ನಮ್ಮ ಯಜಮಾನರೂ ನಿವೃತ್ತರೇ. ಇಬ್ಬರೂ ಮೈಸೂರಿನಲ್ಲಿ ಈ ಕೆಲಸ ಮಾಡಿ ನೋಡಿದ್ದೇವೆ. ಬೇರೆ ಬೇರೆ ಥರದ ಭೇಟಿಗಳಿಗೆ ಹೋಗಿದ್ದರಿಂದ ಯಾವುದರಲ್ಲಿ ಎಷ್ಟು ಗಿಟ್ಟುತ್ತದೆ, ಎಷ್ಟು ಸುಸ್ತಾಗುತ್ತದೆ ಅಂತ ಹೋಲಿಸಲು ಆಗುತ್ತಿದೆ. ಈ ಬಗ್ಗೆ ಕೇಳುವವರೆಲ್ಲ ‘ಒಂದು ಭೇಟಿಗೆ ಎಷ್ಟು ಕೊಡ್ತಾರೆ?’ ಅಂತಲೇ ಶುರು ಮಾಡುತ್ತಾರೆ. ಅದರ ಜೊತೆ ಇನ್ನೂ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ನಮ್ಮ ಕೈಯಿಂದ ಎಷ್ಟು ದುಡ್ಡು ಹಾಕಬೇಕು? ಎಷ್ಟು ಹೊತ್ತು ನಿಲ್ಲಬೇಕು? ಮನೆಗೆ ಬಂದ ಮೇಲೆ ವರದಿಗೆ ಎಷ್ಟು ಹೊತ್ತು ಬೇಕು? ಅರವತ್ತು ದಾಟಿದವರಿಗೆ ಈ ಮೂರೂ ಫೀಸಿನಷ್ಟೇ ಮುಖ್ಯ.

ಸೇರುವಾಗಿನ ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ನಿಜವಾದ ಕಂಪನಿ ಹೆಸರು ನೋಂದಾಯಿಸಲು ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಪ್ಯಾನ್, ಬ್ಯಾಂಕ್ ಖಾತೆಯ ವಿವರ ತಗೊಳ್ಳುತ್ತಾರೆ, ಒಂದು ಒಪ್ಪಂದಕ್ಕೆ ಒಪ್ಪಿಗೆ ಕೇಳುತ್ತಾರೆ. ಕೆಲವರು ಸಣ್ಣ ಪರೀಕ್ಷೆಯನ್ನೂ ಕೊಡುತ್ತಾರೆ. ಒಟಿಪಿ, ಎಟಿಎಂ ಪಿನ್ ಯಾರೂ ಕೇಳುವ ಹಾಗಿಲ್ಲ. ವಾಟ್ಸಾಪ್‌ನಲ್ಲೋ ಟೆಲಿಗ್ರಾಂನಲ್ಲೋ ‘ಮನೆಯಲ್ಲೇ ಕೂತು ಹೋಟೆಲ್‌ಗಳಿಗೆ ರೇಟಿಂಗ್ ಕೊಡಿ’ ಅಂತ ಬರುತ್ತದಲ್ಲ, ಅದು ಬೇರೆಯೇ ಕಥೆ. ಮೊದಲು ನೂರಿನ್ನೂರು ನಿಮ್ಮ ಖಾತೆಗೆ ಹಾಕಿ ನಂಬಿಸುತ್ತಾರೆ. ಆಮೇಲೆ ‘ಮುಂದಿನ ಟಾಸ್ಕ್‌ಗೆ ಇಷ್ಟು ಡಿಪಾಸಿಟ್ ಕಟ್ಟಿ’ ಅನ್ನುತ್ತಾರೆ. ಕಟ್ಟಿದ್ದು ವಾಪಸ್ ಬರುವುದಿಲ್ಲ. ಹಾಗೇನಾದರೂ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಜಾಸ್ತಿ.

ಈಗ ಪೆಟ್ರೋಲ್ ಬಂಕ್. ಹೊಸಬರಿಗೆ ಸುಲಭವಾಗಿ ಸಿಗುವುದು ಇದೇ. ನಮ್ಮನೆಯಲ್ಲಿ ಇದು ಯಜಮಾನರ ಪಾಲು, ಸ್ಕೂಟರ್ ಅವರದು. ಸ್ವಲ್ಪ ಪೆಟ್ರೋಲ್ ಹಾಕಿಸಬೇಕು, ಬಿಲ್ ಕೇಳಿ ಪಡೆಯಬೇಕು. ಪಂಪ್ ಹುಡುಗ ‘ಝೀರೋ ನೋಡಿ ಸಾರ್’ ಅಂದನೋ ಇಲ್ಲವೋ ಗಮನಿಸಬೇಕು. ಗಾಳಿ ಯಂತ್ರ ಕೆಲಸ ಮಾಡುತ್ತಿದೆಯೇ, ಗಾಳಿಗೆ ದುಡ್ಡು ಕೇಳಿದರೇ, ಕುಡಿಯುವ ನೀರು ಇದೆಯೇ, ಶೌಚಾಲಯಕ್ಕೆ ಬೀಗ ಹಾಕಿದೆಯೇ ಅಂತ ನೋಡಬೇಕು. ಬಂಕಿನಲ್ಲಿ ಸರ್ಕಾರಿ ಮುದ್ರೆಯಿರುವ 5 ಲೀಟರ್ ಅಳತೆ ಪಾತ್ರೆ ಇರಲೇಬೇಕು. ಯಾವ ಗಿರಾಕಿ ಬೇಕಾದರೂ ಅದರಲ್ಲಿ ಅಳೆದು ತೋರಿಸಿ ಅನ್ನಬಹುದು. 5 ಲೀಟರಿಗೆ 25 ಮಿಲಿಲೀಟರ್ ತನಕ ವ್ಯತ್ಯಾಸಕ್ಕೆ ಅವಕಾಶ ಇದೆ. ಇದು ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಗಿದ್ದು. ಆಡಿಟ್ ಇರಲಿ ಬಿಡಲಿ, ಎಲ್ಲರೂ ತಿಳಿದಿರಬೇಕಾದ ವಿಷಯ ಅಲ್ವಾ?

ಇದರಲ್ಲಿ ಫೀಸು ಕಡಿಮೆ, ನಮಗೆ ಸಿಕ್ಕಿದ್ದು 200ರಿಂದ 300 ರೂಪಾಯಿ. ಪೆಟ್ರೋಲ್ ಹೇಗೂ ಹಾಕಿಸುವುದೇ, ಅದರ ದುಡ್ಡೂ ವಾಪಸ್ ಬರುತ್ತದೆ. ವರದಿಯಲ್ಲಿ ಹೌದು, ಇಲ್ಲ ಅಂತ ಗುರುತು ಹಾಕುವುದೇ ಹೆಚ್ಚು, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ತೊಂದರೆ ಇರುವುದು ಬಿಸಿಲಿನಲ್ಲಿ. ಪಂಪ್ ಹತ್ತಿರ ಮೊಬೈಲ್ ತೆಗೆಯುವ ಹಾಗೂ ಇಲ್ಲ, ಹಾಗಾಗಿ ಸಮಯ, ಹುಡುಗನ ಬ್ಯಾಡ್ಜ್ ಮೇಲಿನ ಹೆಸರು, ಮೀಟರಿನ ಅಂಕಿ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಹೊರಗೆ ಬಂದು ಬರೆದುಕೊಳ್ಳಬೇಕು. ಹುಣಸೂರು ರಸ್ತೆಯ ಕಡೆ ಒಂದೇ ಸಲಕ್ಕೆ ಎರಡು ಮೂರು ಬಂಕ್ ಸಿಕ್ಕರೆ ಹೋಗಬಹುದು. ಒಂದೇ ಬಂಕಿಗೋಸ್ಕರ ಹೊರಡುವುದು ದಂಡ.

ಹೋಟೆಲ್ ಭೇಟಿ ಅಂದ ಕೂಡಲೇ ಎಲ್ಲರ ಮುಖ ಅರಳುತ್ತದೆ. ಪುಕ್ಕಟೆ ಊಟ, ಮೇಲೆ ದುಡ್ಡು ಅಂತ. ಕೇಳಲು ಚೆನ್ನಾಗಿದೆ, ಆದರೆ ಆದಾಯ ಅಂತ ನೋಡಿದರೆ ನಾಲ್ಕರಲ್ಲಿ ಇದೇ ಕಡೆ. ಮೊದಲನೆಯದಾಗಿ, ಇವು ನಾವು ಇಷ್ಟಪಟ್ಟು ಹೋಗುವ ದೋಸೆ ಹೋಟೆಲ್‌ಗಳಲ್ಲ. ಹೆಚ್ಚಾಗಿ ಮಾಲ್‌ಗಳಲ್ಲಿರುವ ಪಿಜ್ಜಾ, ಬರ್ಗರ್, ಕಾಫಿಯ ಸರಣಿ ಅಂಗಡಿಗಳು. ಏನು ತರಿಸಬೇಕು ಅಂತ ಅವರೇ ಬರೆದು ಕೊಟ್ಟಿರುತ್ತಾರೆ. ಬರ್ಗರ್ ಜೊತೆ ಕೋಲಾ ಅಂತಿದ್ದರೆ ಕೋಲಾನೇ ತಗೋಬೇಕು. ಶುಗರ್ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಎರಡನೆಯದು, ಬಿಲ್ಲಿನ ಹಣ ಮೊದಲು ನಮ್ಮ ಜೇಬಿನಿಂದ ಹೋಗುತ್ತದೆ. ಅದು ವಾಪಸ್ ಬರಲು ಒಂದೂವರೆ ತಿಂಗಳಾದದ್ದೂ ಉಂಟು. ಮಿತಿ 500 ಅಂತಿದ್ದು ಬಿಲ್ 540 ಆದರೆ ಆ 40 ನಮ್ಮದೇ. ಫೀಸು ಅಂತ ಬೇರೆ ಕೊಟ್ಟರೆ 100ರ ಆಸುಪಾಸು.

ಇನ್ನು ವರದಿ. ಸಾಲಿನಲ್ಲಿ ನಿಂತದ್ದು ಎಷ್ಟು ಹೊತ್ತಿಗೆ, ಆರ್ಡರ್ ಕೊಟ್ಟದ್ದು ಎಷ್ಟು ಹೊತ್ತಿಗೆ, ಟ್ರೇ ಕೈಗೆ ಬಂದದ್ದು ಎಷ್ಟು ಹೊತ್ತಿಗೆ ಅಂತ ನಿಮಿಷ ಸೆಕೆಂಡ್ ಸಮೇತ ಬರೆಯಬೇಕು. ಕ್ಯಾಷ್‌ನಲ್ಲಿದ್ದವರು ‘ಇನ್ನೇನಾದರೂ ಬೇಕಾ’ ಅಂತ ಕೇಳಿದರೇ, ಮೇಜು ಒರೆಸಿತ್ತೇ, ತಿಂಡಿ ಬಿಸಿಯಾಗಿತ್ತೇ, ಕೈತೊಳೆಯುವಲ್ಲಿ ಸೋಪು ಇತ್ತೇ ಅಂತ ಪುಟಗಟ್ಟಲೆ ಪ್ರಶ್ನೆ. ಗಡಿಯಾರ ನೋಡುತ್ತಾ ತಿಂದರೆ ತಿಂದ ಹಾಗೇ ಅನ್ನಿಸುವುದಿಲ್ಲ. ಮೊಮ್ಮಗ ರಜೆಗೆ ಬಂದಾಗ ಅವನನ್ನು ಕರೆದುಕೊಂಡು ಹೋಗಲು ಪರವಾಗಿಲ್ಲ. ದುಡ್ಡಿಗೋಸ್ಕರ ಇದನ್ನು ಆರಿಸಿಕೊಳ್ಳಬೇಡಿ.

ನಾನು ಮನಸ್ಸಿಟ್ಟು ಮಾಡುವುದು ಬ್ಯಾಂಕ್ ಭೇಟಿ. ನಾಲ್ಕರಲ್ಲಿ ನನ್ನ ಓಟು ಇದಕ್ಕೇ. ಏನನ್ನೂ ಕೊಳ್ಳುವ ಹಾಗಿಲ್ಲ, ಹಾಗಾಗಿ ನಮ್ಮ ದುಡ್ಡು ಎಲ್ಲೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಕುರ್ಚಿ ಇರುತ್ತದೆ, ಫ್ಯಾನ್ ಇರುತ್ತದೆ. ಫೀಸು 400ರಿಂದ 600 ರೂಪಾಯಿ. ಎಲ್ಲಕ್ಕಿಂತ ದೊಡ್ಡ ಅನುಕೂಲ ಅಂದರೆ, ವೇಷ ಹಾಕಬೇಕಾಗಿಲ್ಲ. ‘ನಿವೃತ್ತಿಯ ಹಣ ಸ್ವಲ್ಪ ಬಂದಿದೆ, ಎಫ್‌ಡಿ ಇಡಬೇಕು’ ಅಂತ ನಾನು ಹೇಳಿದರೆ ಅನುಮಾನ ಪಡುವವರು ಯಾರೂ ಇಲ್ಲ. ಇಪ್ಪತ್ತೈದರ ಹುಡುಗ ಹೇಳಿದರೆ ನಂಬುತ್ತಾರೆಯೇ?

ಒಳಗೆ ಹೋದ ಮೇಲೆ ನೋಡುವುದು ಬಹಳ ಇದೆ. ಹಿರಿಯರಿಗೆ ಬೇರೆ ಕೌಂಟರ್ ಅಂತ ಬೋರ್ಡ್ ಇದ್ದರೆ ಅಲ್ಲಿ ನಿಜಕ್ಕೂ ಯಾರಾದರೂ ಕೂತಿದ್ದಾರೆಯೇ? ಹಿರಿಯ ನಾಗರಿಕರಿಗೆ ಬಡ್ಡಿ ಜಾಸ್ತಿ ಅಂತ ತಾವಾಗಿಯೇ ಹೇಳಿದರೇ? ನಾಮಿನಿ ವಿಷಯ ಎತ್ತಿದರೇ? ಬಡ್ಡಿಯಲ್ಲಿ ತೆರಿಗೆ (ಟಿಡಿಎಸ್) ಕಡಿತ ಆಗದಿರಲು ಒಂದು ಫಾರಂ ಕೊಡಬಹುದು ಅಂದರೇ? ಠೇವಣಿ ವಿಮೆ ಎಷ್ಟರ ತನಕ ಅಂತ ಕೇಳಿದರೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿಯೂ ಸೇರಿ 5 ಲಕ್ಷದ ತನಕ ಮಾತ್ರ ಅನ್ನುವ ಸರಿಯಾದ ಉತ್ತರ ಬಂತೇ? 2020ರ ಫೆಬ್ರವರಿಗೆ ಮೊದಲು ಅದು 1 ಲಕ್ಷ ಇತ್ತು. ಹಳೆಯ ಅಂಕಿಯನ್ನೇ ಹೇಳುವವರು ಈಗಲೂ ಸಿಗುತ್ತಾರೆ.

ಮುಖ್ಯವಾದದ್ದು ಇನ್ನೊಂದಿದೆ. ಎಫ್‌ಡಿ ಕೇಳಿದವರ ಕೈಗೆ ಇನ್ಶೂರೆನ್ಸ್ ಪಾಲಿಸಿ ಕೊಡುತ್ತಾರೆಯೇ ಅನ್ನುವುದು. ಒಂದು ಶಾಖೆಯಲ್ಲಿ ಮೇಜಿನ ಆಚೆ ಕೂತಿದ್ದ ಹುಡುಗಿ ಬಹಳ ವಿನಯದಿಂದ ನೀರು ತರಿಸಿ ಕೊಟ್ಟಳು. ಆಮೇಲೆ ಎಫ್‌ಡಿ ಬಡ್ಡಿಯ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ ಬಣ್ಣದ ಕಾಗದವೊಂದನ್ನು ಮುಂದಿಟ್ಟಳು. ‘ಅಮ್ಮಾ, ಇದೂ ಎಫ್‌ಡಿ ಥರಾನೇ. ಐದು ವರ್ಷ ಕಟ್ಟಿದರೆ ಸಾಕು, ಗ್ಯಾರಂಟಿ.’ ನಾನು ಕೇಳಿದೆ, ‘ನಡುವೆ ಆಸ್ಪತ್ರೆ ಖರ್ಚು ಅಂತ ಬಂದರೆ ತೆಗೆಯಬಹುದಾ ಮಗಾ?’ ಅವಳು ಕಾಗದ ತಿರುಗಿಸಿ ಬೇರೆ ಏನನ್ನೋ ತೋರಿಸಿದಳು. ಇನ್ನೊಂದು ಸಲ ಕೇಳಿದೆ. ಆಗಲೂ ಉತ್ತರ ಬರಲಿಲ್ಲ. ‘ಇನ್ಶೂರೆನ್ಸ್’ ಅನ್ನುವ ಮಾತು ಮಾತ್ರ ಕೊನೆಯ ತನಕ ಅವಳ ಬಾಯಿಂದ ಹೊರಡಲಿಲ್ಲ.

ಯಾವ ಬ್ಯಾಂಕು, ಯಾವ ಶಾಖೆ ಅಂತ ಹೇಳುವ ಹಾಗಿಲ್ಲ, ಒಪ್ಪಂದದಲ್ಲೇ ಅದು ಇದೆ. ವರದಿಯಲ್ಲಿ ಅವಳು ಆಡಿದ ಮಾತನ್ನು ಹಾಗೇ ಬರೆದೆ. ನಾನು ಎಷ್ಟು ಸಲ ಕೇಳಿದೆ, ಅವಳು ಏನು ಮಾಡಿದಳು, ಅಷ್ಟೇ. ‘ಮೋಸ ಮಾಡಿದಳು’ ಅಂತ ಬರೆಯಲಿಲ್ಲ. ಅವಳ ತಲೆಯ ಮೇಲೆ ಟಾರ್ಗೆಟ್ ಇಟ್ಟವರು ಬೇರೆ ಯಾರೋ ಇರುತ್ತಾರೆ, ಅವರು ಆ ಮೇಜಿನಲ್ಲಿ ಕೂತಿರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದರೆ ಓದುವವರಿಗೆ ವಿಷಯ ಮುಟ್ಟುತ್ತದೆ. ಈ ಥರದ ಪಾಲಿಸಿ ತಗೊಂಡು ಮಧ್ಯೆ ಕಟ್ಟಲಾಗದೆ ಹಣ ಕಳೆದುಕೊಂಡ ನಿವೃತ್ತರು ನನ್ನ ಪರಿಚಯದಲ್ಲೇ ಇದ್ದಾರೆ. ಅದಕ್ಕೇ ಈ ಕೆಲಸ ನನಗೆ ಬರೀ ಕೈಖರ್ಚಿನ ದಾರಿ ಅನ್ನಿಸುವುದಿಲ್ಲ. ನಿಮಗೆ ಯಾರಿಗಾದರೂ ಹಾಗೆ ಪಾಲಿಸಿ ಅಂಟಿಸಿದ್ದರೆ, ಕೈಗೆ ಬಂದ 30 ದಿನದೊಳಗೆ ಬೇಡ ಅಂತ ವಾಪಸ್ ಮಾಡಬಹುದು. ಮೊದಲು ಸಾಮಾನ್ಯವಾಗಿ 15 ದಿನ ಇತ್ತು, 2024ರ ನಿಯಮದಿಂದ ಹೆಚ್ಚಾಗಿದೆ.

ಬ್ಯಾಂಕ್ ಭೇಟಿಯಲ್ಲೂ ಕಷ್ಟ ಇಲ್ಲ ಅಂತಲ್ಲ. ವರದಿಗೆ ಒಂದು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ, ಅದೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಫೋನ್ ನಂಬರ್ ಕೊಟ್ಟು ಬಂದರೆ ವಾರಗಟ್ಟಲೆ ಕರೆ ಬರುತ್ತದೆ. ಇದಕ್ಕಂತಲೇ ಬೇರೆ ಸಿಮ್ ಇಟ್ಟುಕೊಂಡಿದ್ದೇನೆ. ಆಧಾರ್ ಪ್ರತಿ, ಪ್ಯಾನ್ ಪ್ರತಿ, ಸಹಿ ಯಾವುದನ್ನೂ ಅಲ್ಲಿ ಕೊಡಬೇಡಿ. ‘ಮಗನ ಹತ್ತಿರ ಒಂದು ಮಾತು ಕೇಳಿ ಬರ್ತೀನಿ’ ಅಂದರೆ ಸಾಕು, ಯಾರೂ ಒತ್ತಾಯ ಮಾಡುವುದಿಲ್ಲ.

ಇದೇ ಜಾತಿಗೆ ಸೇರಿದ್ದು ಒಡವೆ ಅಂಗಡಿ ಮತ್ತು ಕಾರ್ ಶೋರೂಂ. ಒಡವೆ ಅಂಗಡಿಯಲ್ಲಿ ನನ್ನ ವಯಸ್ಸಿನ ಹೆಂಗಸರಿಗೆ ಒಳ್ಳೆಯ ಮರ್ಯಾದೆ. ಮಜೂರಿ, ವೇಸ್ಟೇಜ್ ಎಷ್ಟು ಅಂತ ಬಿಡಿಸಿ ಹೇಳಿದರೇ, ಬಳೆಯ ಮೇಲಿನ ಎಚ್‌ಯುಐಡಿ, ಅಂದರೆ ಅಕ್ಷರ, ಅಂಕಿ ಸೇರಿ ಆರು ಇರುವ ಗುರುತಿನ ಸಂಖ್ಯೆ, ತೋರಿಸಿದರೇ ಅಂತ ನೋಡಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಚಿನ್ನದ ಒಡವೆಯ ಮೇಲೆ ಅದು ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಅಸಲಿಯೋ ಅಲ್ಲವೋ ಗೊತ್ತಾಗುತ್ತದೆ. ಕಾರ್ ಶೋರೂಂಗೆ ಯಜಮಾನರು ಹೋಗಿದ್ದರು. ಫೀಸು ಚೆನ್ನಾಗಿದೆ, ಆದರೆ ಟೆಸ್ಟ್ ಡ್ರೈವ್ ಮಾಡಬೇಕು, ಆಮೇಲೆ ಬರುವ ಕರೆಗಳು ಬ್ಯಾಂಕಿಗಿಂತಲೂ ಜಾಸ್ತಿ. ಸಾಕು ಅಂತ ಬಿಟ್ಟರು.

ಫೋನ್ ಕೆಲಸ ಮನೆಯಲ್ಲೇ ಆಗುತ್ತದೆ. ಕಸ್ಟಮರ್ ಕೇರ್‌ಗೆ ಕರೆ ಮಾಡಿ, ಎಷ್ಟು ನಿಮಿಷ ಕಾಯಿಸಿದರು, ಹೆಸರು ಹೇಳಿದರೇ, ಕನ್ನಡದಲ್ಲಿ ಮಾತಾಡಿದರೇ ಅಂತ ಬರೆಯುವುದು. ಒಂದು ಕರೆಗೆ 50ರಿಂದ 75 ರೂಪಾಯಿ. ಮಂಡಿನೋವು ಇರುವವರಿಗೆ, ಮಳೆಗಾಲಕ್ಕೆ ಸರಿ. ವರದಿ ಬರೆಯುವ ರೂಢಿ ಆಗುವುದಕ್ಕೂ ಒಳ್ಳೆಯದು. ಹೆಚ್ಚೇನೂ ಹೇಳುವುದಿಲ್ಲ.

ಇಲ್ಲಿ ಗಂಡಸರಿಗೂ ಹೆಂಗಸರಿಗೂ ಲೆಕ್ಕ ಬೇರೆ ಆಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ನಂಜನಗೂಡಿಗೋ ಮಂಡ್ಯಕ್ಕೋ ಹೋಗಿ ಬಂದರೂ ನನಗೆ ಬಸ್ ಖರ್ಚಿಲ್ಲ. ಸಣ್ಣ ಊರುಗಳಲ್ಲಿ ಈ ಕೆಲಸ ಮಾಡುವವರು ಕಡಿಮೆ, ಹಾಗಾಗಿ ಅಲ್ಲಿಗೆ ಫೀಸು ಸ್ವಲ್ಪ ಏರಿಸಿ ಕೊಡುತ್ತಾರೆ. ಯಜಮಾನರಿಗೆ ಅದೇ ಊರಿಗೆ ಸ್ಕೂಟರಿನಲ್ಲೋ ಟಿಕೆಟ್ ತಗೊಂಡೋ ಹೋದರೆ ಲಾಭದಲ್ಲಿ ಒಂದು ಪಾಲು ದಾರಿಯಲ್ಲೇ ಹೋಗುತ್ತದೆ.

ಒಟ್ಟಾರೆ ತಿಂಗಳಿಗೆ ಎರಡು ಮೂರು ಸಾವಿರ ಬಂದರೆ ಅದೇ ಒಳ್ಳೆಯ ತಿಂಗಳು. ಕೆಲವು ತಿಂಗಳು ಏನೂ ಇರುವುದಿಲ್ಲ. ಔಷಧಿ ಖರ್ಚಿಗೆ ಇದನ್ನು ನೆಚ್ಚಿಕೊಳ್ಳಬೇಡಿ. ಹೇಳಿದ ಸಮಯ ಬಿಟ್ಟು ಹೋದರೆ ಅಥವಾ ಬಿಲ್ ಕಳೆದುಹೋದರೆ ವರದಿ ರಿಜೆಕ್ಟ್ ಆಗುತ್ತದೆ, ದುಡ್ಡು ಬರುವುದಿಲ್ಲ. ಬಂದ ಫೀಸನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕು. ಅರವತ್ತು ದಾಟಿದವರು ವ್ಯಾಪಾರ, ವೃತ್ತಿಯ ಆದಾಯ ಇಲ್ಲದಿದ್ದರೆ ಮುಂಗಡ ತೆರಿಗೆ ಕಟ್ಟಬೇಕಾಗಿಲ್ಲ. ಈ ಫೀಸನ್ನು ಯಾವ ತಲೆಬರಹದಲ್ಲಿ ತೋರಿಸುತ್ತೀರಿ ಅನ್ನುವುದರ ಮೇಲೆ ಆ ರಿಯಾಯಿತಿ ನಿಂತಿದೆ. ನಿಮ್ಮ ತೆರಿಗೆ ಲೆಕ್ಕ ನೋಡುವ ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಹೊಸದಾಗಿ ಶುರು ಮಾಡುವವರು ಮೊದಲು ಕೆಲವು ಫೋನ್ ಕೆಲಸ ಮಾಡಿ, ಆಮೇಲೆ ನೇರವಾಗಿ ಬ್ಯಾಂಕ್ ಭೇಟಿಗೆ ಹೋಗಿ. ದಿನ ಆರಿಸುವ ಅವಕಾಶ ಕೊಟ್ಟರೆ ತಿಂಗಳ ಮೊದಲ ವಾರ ಬೇಡ. ಆಗ ಪೆನ್ಷನ್ ತಗೊಳ್ಳುವವರ ಸಾಲು ಬಾಗಿಲ ತನಕ ಇರುತ್ತದೆ, ಎಫ್‌ಡಿ ಬಗ್ಗೆ ಕೂತು ಮಾತಾಡಲು ಅಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಎರಡನೇ, ನಾಲ್ಕನೇ ಶನಿವಾರ ರಜೆ. ತಿಂಗಳ ನಡುವೆ ಒಂದು ಬುಧವಾರವೋ ಗುರುವಾರವೋ, ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ. ಕನ್ನಡಕ ಮರೆಯಬೇಡಿ, ಬಣ್ಣದ ಕಾಗದದ ಕೆಳಗಿನ ಸಣ್ಣ ಅಕ್ಷರವನ್ನು ಅಲ್ಲೇ ಓದಬೇಕಾಗುತ್ತದೆ.