"ಆಲ್‌ರೈಟ್?" ಅಂದವಳಿಗೆ ತಲೆನೋವಿನ ಸುದ್ದಿ ಹೇಳಿದ್ದೆ

ಆನೆಗೊಂದಿಯಲ್ಲಿ ನಮ್ಮದು 4 ಕೋಣೆಯ ಹೋಂಸ್ಟೇ. ಹಂಪಿ ನೋಡಲು ಬಂದ ವಿದೇಶಿಯರಲ್ಲಿ ಕೆಲವರು ಹೊಳೆ ದಾಟಿ ಈ ಕಡೆ ಉಳಿದುಕೊಳ್ಳುತ್ತಾರೆ. ಬಾಡಿಗೆ ಎಷ್ಟು, ಬಿಸಿನೀರು ಯಾವಾಗ, ವೈಫೈ ಪಾಸ್‌ವರ್ಡ್ ಏನು, ಇಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ಬರದೇ ಇದ್ದದ್ದು ಸುಮ್ನೆ ಮಾತಾಡೋದು. ವ್ಯವಹಾರ ಮುಗಿದ ಮೇಲೆ ಅವರೂ ನಗುತ್ತಾ ನಿಲ್ಲುತ್ತಿದ್ದರು, ನಾನೂ ನಗುತ್ತಾ ನಿಲ್ಲುತ್ತಿದ್ದೆ. ಒಬ್ಬರಾದರೂ ಜಾಗ ಖಾಲಿ ಮಾಡಬೇಕಲ್ವಾ? ಇದರಿಂದ ಹೊರಬರಲು ನೆರವಾದ ಬಿಬಿಸಿಯವರ ಇಂಗ್ಲಿಷ್ ಪಾಠಗಳ ಬಗ್ಗೆ ಇಲ್ಲಿ ಹೇಳುತ್ತೇನೆ.

ಮೊದಲು 2,499 ರೂಪಾಯಿ ಕೊಟ್ಟು 30 ದಿನದ ಒಂದು ವಾಟ್ಸಾಪ್ ಕೋರ್ಸ್ ಸೇರಿದೆ. ಹೆಸರು ಬೇಡ ಬಿಡಿ. ದಿನಾ ಒಂದು ಪಿಡಿಎಫ್, ಅದರಲ್ಲಿ 20 ವಾಕ್ಯ, ಬಾಯಿಪಾಠ. "ಹೌ ಆರ್ ಯೂ?" ಅಂದರೆ "ಐ ಆಮ್ ಫೈನ್, ಥ್ಯಾಂಕ್ಯೂ, ಆಂಡ್ ಯೂ?" ಅನ್ನಬೇಕಂತೆ. ಹೆಸರು ಕೇಳಲು "ವಾಟ್ ಈಸ್ ಯುವರ್ ಗುಡ್ ನೇಮ್?" ಅಂತೆ. ಇದನ್ನು ಕೇಳಿದ ಜರ್ಮನ್ ಹುಡುಗನೊಬ್ಬ, ತನಗೆ ಕೆಟ್ಟ ಹೆಸರು ಯಾವುದೂ ಇಲ್ಲ ಅಂತ ನಕ್ಕ. ಅವನು ಚೇಷ್ಟೆ ಮಾಡಿದ್ದು ಅಂತ ಅರ್ಥವಾಗಲು ನನಗೆ ಎರಡು ದಿನ ಬೇಕಾಯಿತು.

ಅದಕ್ಕಿಂತ ಜೋರಾದದ್ದು ಇಂಗ್ಲೆಂಡಿನ ಹೆಂಗಸೊಬ್ಬರ ಪ್ರಸಂಗ. ಅಂಜನಾದ್ರಿಯ 575 ಮೆಟ್ಟಿಲು ಇಳಿದು ಬಂದವರು ಅಂಗಳದಲ್ಲಿ ನನ್ನನ್ನು ನೋಡಿ "ಯೂ ಆಲ್‌ರೈಟ್?" ಅಂದರು. ಮುಖ ಬಾಡಿದೆಯೇನೋ ಅಂದುಕೊಂಡೆ. ರಾತ್ರಿ ಕರೆಂಟ್ ಹೋಗಿದ್ದು, ನಿದ್ದೆ ಬಾರದ್ದು, ತಲೆ ಸಿಡಿಯುತ್ತಿರುವುದು, ಎಲ್ಲ ಹೇಳಿದೆ. ಪಾಪ, ಅವರು ಬ್ಯಾಗಿನಿಂದ ಮಾತ್ರೆ ತೆಗೆದುಕೊಟ್ಟರು! ಕಟ್ಟೆ ಮೇಲೆ ಕೂತು ಸೊಪ್ಪು ಸೋಸುತ್ತಿದ್ದ ನಮ್ಮ ಅತ್ತೆಗೆ ಇಂಗ್ಲಿಷಿನ ಗಂಧಗಾಳಿ ಇಲ್ಲ. "ಆರಾಮಾ ಅಂತ ಕೇಳಿರ್ಬೇಕು ತಗೋ. ನೀ ಯಾಕ ತಲಿಬ್ಯಾನಿ ಸುದ್ದಿ ಹೇಳಿದಿ?" ಅಂದರು.

ಅತ್ತೆ ಅಂದದ್ದೇ ಸರಿ. "ಆರಾಮ ಅದೀರೇನ್ರಿ?" ಅಂದವರಿಗೆ ನಾವು ಬಿಪಿ ಶುಗರ್ ಲೆಕ್ಕ ಕೊಡುವುದಿಲ್ಲ. "ಹ್ಞೂಂ, ಆರಾಮ್ರೀ. ನೀವು?" ಅಂದು ಮುಂದೆ ಹೋಗುತ್ತೇವೆ. ಇಂಗ್ಲೆಂಡಿನವರ "ಆಲ್‌ರೈಟ್?" ಕೂಡ ಹಾಗೇ. "ಆಲ್‌ರೈಟ್, ಯೂ?" ಅಂದರೆ ಮುಗಿಯಿತು.

ಆಮೇಲೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್ ಕೇಳಲು ಶುರು ಮಾಡಿದೆ. ಬಿಬಿಸಿಯವರು 1943ರಿಂದ ಇಂಗ್ಲಿಷ್ ಕಲಿಸುತ್ತಿದ್ದಾರೆ. ಈಗ ವೆಬ್‌ಸೈಟ್ ಇದೆ, ಪಾಡ್‌ಕಾಸ್ಟ್ ಇದೆ, ಒಂದು ಪೈಸೆ ಕೊಡಬೇಕಿಲ್ಲ. ನಾನು ಹಿಡಿದುಕೊಂಡದ್ದು ಎರಡೇ: 'ಸಿಕ್ಸ್ ಮಿನಿಟ್ ಇಂಗ್ಲಿಷ್' ಮತ್ತು 'ದಿ ಇಂಗ್ಲಿಷ್ ವೀ ಸ್ಪೀಕ್'. ಮೊದಲನೆಯದರಲ್ಲಿ ಇಬ್ಬರು ಯಾವುದೋ ವಿಷಯ ಹಿಡಿದು ಹರಟುತ್ತಾರೆ. ಶುರುವಿನಲ್ಲೇ ಒಂದು ಪ್ರಶ್ನೆ ಹಾಕಿ ಉತ್ತರ ಕೊನೆಗೆ ಹೇಳುತ್ತಾರೆ, ಹಾಗಾಗಿ ನಡುವೆ ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ. ಎರಡನೆಯದು ಇನ್ನೂ ಚಿಕ್ಕದು. ಜನ ಬಳಸುವ ಒಂದು ನುಡಿಗಟ್ಟು ತೆಗೆದುಕೊಂಡು ಅದರ ಸುತ್ತ ತಮಾಷೆ ಮಾಡುತ್ತಾರೆ. ಅವರ ಕೆಲವು ನಗೆ ನನಗೆ ಇವತ್ತಿಗೂ ನಗೆ ಅನ್ನಿಸಿಲ್ಲ.

ಬೆಳಿಗ್ಗೆ ಅಂಗಳ ಗುಡಿಸಿ ರಂಗೋಲಿ ಹಾಕುವಾಗ ಒಂದು ಸಲ ಕೇಳುತ್ತೇನೆ. ಮಧ್ಯಾಹ್ನ ಕೌಂಟರಿನಲ್ಲಿ ಕೂತು ವೆಬ್‌ಸೈಟಿನಲ್ಲಿರುವ ಪೂರ್ತಿ ಮಾತುಕತೆ ಓದುತ್ತಾ ಇನ್ನೊಂದು ಸಲ. ಓದಿದಾಗಲೇ ಗೊತ್ತಾಗುವುದು, ನಾನು ಏನೇನು ತಪ್ಪಾಗಿ ಕೇಳಿಸಿಕೊಂಡಿದ್ದೆ ಅಂತ.

ಇಲ್ಲಿ ಹೊಸ ಪದಗಳಿಗಿಂತ ಜಾಸ್ತಿ ನನಗೆ ಸಿಕ್ಕಿದ್ದು ಕೇಳುವವರ ಮಾತು. ಒಬ್ಬರು ಹೇಳುತ್ತಿದ್ದರೆ ಇನ್ನೊಬ್ಬರು ನಡುನಡುವೆ "ರೈಟ್", "ರಿಯಲಿ?", "ಓ, ಐ ಸೀ" ಅನ್ನುತ್ತಿರುತ್ತಾರೆ. ನಮ್ಮ "ಹ್ಞೂಂ", "ಹೌದಾ?", "ಅಯ್ಯ!" ಇದ್ದ ಹಾಗೆ. ಕನ್ನಡದಲ್ಲಿ ಕಥೆ ಹೇಳುವಾಗ ಎದುರಿನವರು ಹ್ಞೂಂಗುಟ್ಟದಿದ್ದರೆ ಕಥೆ ಅಲ್ಲೇ ಸಾಯುತ್ತದೆ. ಇಷ್ಟು ವರ್ಷ ನಾನು ಅತಿಥಿಗಳ ಮುಂದೆ ಹ್ಞೂಂಗುಡದೆ ಕಂಬದ ಹಾಗೆ ನಿಂತಿದ್ದೆ. ಮತ್ತೆ ಆ ಬಾಲ: "ಹಾಟ್ ಟುಡೇ, ಈಸಂಟ್ ಇಟ್?" ಬಿಸಿಲು ಅವರಿಗೂ ಗೊತ್ತು, ನನಗೂ ಗೊತ್ತು. ಕೊನೆಯ "ಈಸಂಟ್ ಇಟ್" ಇದೆಯಲ್ಲ, ಅದೇ ನಮ್ಮ "ಅಲ್ವಾ". ಬಾ, ನೀನೂ ಒಂದು ಮಾತಾಡು ಅಂತ ಕರೆದ ಹಾಗೆ.

ಕೊರತೆ ಇಲ್ಲದಿಲ್ಲ. ಎಬಿಸಿಡಿಯಿಂದ ಶುರು ಮಾಡುವವರಿಗೆ 'ಸಿಕ್ಸ್ ಮಿನಿಟ್' ಕಷ್ಟ, ನಡು ಮಟ್ಟದವರಿಗೆ ಮಾಡಿದ್ದು ಅದು. ಕನ್ನಡದಲ್ಲಿ ವಿವರಣೆ ಇಲ್ಲ. ಧಾಟಿ ಬಹುತೇಕ ಬ್ರಿಟಿಷರದು, ಹಾಗಾಗಿ ಆಸ್ಟ್ರೇಲಿಯಾದವನೊಬ್ಬ "ಹೌ ಯೂ ಗೋಯಿಂಗ್?" ಅಂದಾಗ "ಬೈ ಸ್ಕೂಟರ್" ಅಂದುಬಿಟ್ಟೆ. ಅದೂ "ಆರಾಮಾ?" ಅನ್ನುವುದೇ ಅಂತೆ. "ಸೀ ಯೂ ಲೇಟರ್" ಅಂದು ಲೆಕ್ಕ ಚುಕ್ತಾ ಮಾಡಿ ಹೊರಟ ಜೋಡಿಗಾಗಿ ರಾತ್ರಿ 11ರವರೆಗೆ ಗೇಟು ತೆಗೆದಿಟ್ಟುಕೊಂಡು ಕೂತಿದ್ದೆ. ನಾವೂ ಹೊರಡುವಾಗ "ಬರ್ತೀನಿ" ಅಂತಲೇ ಅಲ್ವಾ ಅನ್ನೋದು, ಆ ಹೊತ್ತಿಗೆ ಹೊಳೆಯಲಿಲ್ಲ ನೋಡಿ.

ದೊಡ್ಡ ಕೊರತೆ ಅಂದರೆ, ಇದು ಕಿವಿ ತೆರೆಸುತ್ತದೆ, ಬಾಯಿ ತೆರೆಸುವುದಿಲ್ಲ. ಮಾತಾಡಲು ಮನುಷ್ಯರೇ ಬೇಕು. ಅದಕ್ಕೇ 5ಕ್ಕೆ 4 ಅಂಕ ಕೊಡುತ್ತೇನೆ. ಅತಿಥಿಗಳಿಲ್ಲದ ಮಳೆಗಾಲದಲ್ಲಿ ನಾನು ಯಜಮಾನರ ಜೊತೆ ಅಭ್ಯಾಸ ಮಾಡುತ್ತೇನೆ. "ಲವ್ಲಿ ಮಾರ್ನಿಂಗ್, ಈಸಂಟ್ ಇಟ್?" ಅಂದರೆ ಅವರು ಪೇಪರಿನಿಂದ ತಲೆ ಎತ್ತದೆ "ಹ್ಞೂಂ, ಚಹಾ ಆತೇನು?" ಅನ್ನುತ್ತಾರೆ.